ಸಿಂಗಳೀಕದ ಡಿಎನ್‌ಎ ಲೈಬ್ರರಿ ಕಟ್ಟಿಸಿ, ಎಲ್ಲರಿಗೂ ಹಂಚಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೈಸೂರು ಮೃಗಾಲಯದ ಸಿಂಗಳೀಕಗಳಿಗೆ ಹೇಗೂ ಆರೋಗ್ಯ ತಪಾಸಣೆ ನಡೆಯುತ್ತದೆ. ಆಗ ಒಂದು ಪ್ರಾಣಿಯಿಂದ ಸ್ವಲ್ಪ ರಕ್ತ ತೆಗೆಯಲು ಅನುಮತಿ ಕೊಡಿಸಿ. ಅದರಿಂದ ಸಿಂಗಳೀಕದ ಡಿಎನ್‌ಎ ಕ್ಲೋನ್ ಲೈಬ್ರರಿ ಕಟ್ಟಿಸಿ. ದೇಶದ ಯಾವ ಕಾಲೇಜು ಕೇಳಿದರೂ ಅದು ಸಿಗುವ ಹಾಗೆ ಮಾಡಿ.

ಕ್ಲೋನ್ ಅಂದ ಕೂಡಲೇ ಇನ್ನೊಂದು ಮಂಗ ಹುಟ್ಟಿಸುತ್ತಾರೆ ಅಂದುಕೊಳ್ಳುವವರೇ ಜಾಸ್ತಿ. ಇದು ಅದಲ್ಲ. ರಕ್ತದ ಕೋಶಗಳನ್ನು ಮೊದಲು ಅಗರೋಸ್ ಅನ್ನುವ ಜೆಲ್ಲಿಯ ಪುಟ್ಟ ತುಂಡುಗಳಲ್ಲಿ ಹಿಡಿದಿಡುತ್ತಾರೆ. ಡಿಎನ್‌ಎ ಎಳೆ ಎಷ್ಟು ಉದ್ದ ಅಂದರೆ, ಪಿಪೆಟ್ಟಿನಲ್ಲಿ ಜೋರಾಗಿ ಎಳೆದರೂ ಮುರಿದುಹೋಗುತ್ತದೆ. ಅದಕ್ಕೇ ಇಷ್ಟು ಜೋಪಾನ. ಜೆಲ್ಲಿಯೊಳಗೇ ಕಿಣ್ವ ಹಾಕಿ ಸುಮಾರು ಒಂದೂವರೆ ಲಕ್ಷ ಅಕ್ಷರಗಳ (ಡಿಎನ್‌ಎ ಎಳೆಯ ಒಂದೊಂದು ಕೊಂಡಿಯನ್ನೂ ಒಂದು ಅಕ್ಷರ ಅನ್ನುತ್ತೇವೆ) ತುಂಡುಗಳನ್ನಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನೂ ಬ್ಯಾಕ್ ಅನ್ನುವ ವಾಹಕ ಡಿಎನ್‌ಎಗೆ ಜೋಡಿಸಿ, ಒಂದೊಂದು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ಬೆಳೆದ ಹಾಗೆ ಆ ತುಂಡಿನ ಪ್ರತಿಗಳೂ ಹೆಚ್ಚುತ್ತವೆ. ಇವನ್ನೇ ಬ್ಯಾಕ್ ಕ್ಲೋನ್ ಅನ್ನುವುದು. 384 ಗುಳಿಗಳ ಪ್ಲೇಟು, ಗುಳಿಗೊಂದು ಕ್ಲೋನು, ಮೈನಸ್ 80 ಡಿಗ್ರಿಯ ಫ್ರೀಜರು. ಮಂಗದ ಜೀನೋಮಿನಲ್ಲಿ, ಅಂದರೆ ಅದರ ಪೂರ್ತಿ ಡಿಎನ್‌ಎಯಲ್ಲಿ, ಸುಮಾರು 300 ಕೋಟಿ ಅಕ್ಷರ ಇವೆ. ಎರಡು ಲಕ್ಷ ಕ್ಲೋನ್ ಮಾಡಿಟ್ಟರೆ ಪ್ರತಿ ಭಾಗವೂ ಸರಾಸರಿ ಹತ್ತು ಸಲ ಸಿಗುತ್ತದೆ. ಐನೂರು ಚಿಲ್ಲರೆ ಪ್ಲೇಟು, ಅಷ್ಟೇ.

ಅಮೆರಿಕದ ಅಟ್ಲಾಂಟಾದಲ್ಲಿ, ಯರ್ಕೀಸ್ ವಾನರ ಸಂಶೋಧನಾ ಕೇಂದ್ರದಲ್ಲಿ, ಕ್ಲಿಂಟ್ ಅನ್ನುವ ಗಂಡು ಚಿಂಪಾಂಜಿ ಇತ್ತು. 2004ರಲ್ಲಿ, 24ನೇ ವಯಸ್ಸಿಗೇ ಹೃದಯದ ತೊಂದರೆಯಿಂದ ಸತ್ತುಹೋಯಿತು. 2005ರಲ್ಲಿ ಪ್ರಕಟವಾದ ಚಿಂಪಾಂಜಿ ಜೀನೋಮ್ ಮುಖ್ಯವಾಗಿ ಇದರದ್ದೇ. ಕ್ಲಿಂಟ್‌ನ ಡಿಎನ್‌ಎಯಿಂದ ಕಟ್ಟಿದ ಬ್ಯಾಕ್ ಲೈಬ್ರರಿ ಓಕ್ಲೆಂಡಿನ ಮಕ್ಕಳ ಆಸ್ಪತ್ರೆಯ ಸಂಶೋಧನಾ ಸಂಸ್ಥೆಯಲ್ಲಿತ್ತು. ಕೇಳಿದ ಲ್ಯಾಬುಗಳಿಗೆ ಅವರು ಕ್ಲೋನ್ ಕಳಿಸಿಕೊಟ್ಟರು. 2010ರಲ್ಲಿ ಚಿಂಪಾಂಜಿಯ, ಗಂಡಿನಲ್ಲಷ್ಟೇ ಇರುವ ವೈ ಕ್ರೋಮೋಸೋಮನ್ನು ಬಿಡಿಸಿ ಓದಿದ್ದು ಬ್ಯಾಕ್ ಕ್ಲೋನುಗಳ ಬಲದಿಂದಲೇ. ಪ್ರಾಣಿ ಹೋದರೂ ಕೆಲಸ ನಿಲ್ಲಲಿಲ್ಲ. ಇನ್ನೊಂದು ಪ್ರಾಣಿಗೆ ಸೂಜಿ ಚುಚ್ಚುವ ಅಗತ್ಯವೂ ಅಷ್ಟರಮಟ್ಟಿಗೆ ತಪ್ಪಿತು.

ಈಗ ಉದ್ದುದ್ದ ಡಿಎನ್‌ಎಯನ್ನು ಒಂದೇ ಸಲ ಓದುವ ಯಂತ್ರಗಳು ಬಂದಿವೆಯಲ್ಲ, ಕ್ಲೋನ್ ಯಾಕೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಸರಿಯಾದ ಪ್ರಶ್ನೆ. ಬರೀ ಓದುವುದಕ್ಕಾದರೆ ಕ್ಲೋನ್ ಬೇಡ. ಆದರೆ ಓದಿದ ಮೇಲೆ ಸಿಗುವುದು ಕಂಪ್ಯೂಟರಿನಲ್ಲಿರುವ ಅಕ್ಷರ. ಒಂದು ಜೀನನ್ನು ಅದನ್ನು ಆನ್-ಆಫ್ ಮಾಡುವ ಸುತ್ತಲಿನ ಡಿಎನ್‌ಎ ಸ್ವಿಚ್ಚುಗಳ ಸಮೇತ ಕೋಶದೊಳಗಿಟ್ಟು ನೋಡಬೇಕಾದರೆ, ಕ್ರೋಮೋಸೋಮಿನ ಮೇಲೆ ಅದು ಎಲ್ಲಿದೆ ಅಂತ ಹೊಳೆಯುವ ಬಣ್ಣ ಕಟ್ಟಿ ಹುಡುಕಬೇಕಾದರೆ, ಕೈಗೆ ಸಿಗುವ ಡಿಎನ್‌ಎ ತುಂಡೇ ಬೇಕು. ನಾನು ಜೀವಶಾಸ್ತ್ರ ಪಾಠ ಮಾಡುವವನು. ಸಿಂಗಳೀಕ ಓಡಾಡುವ ಕಾಡಿನ ಅಂಚಿನ ಊರುಗಳಿಂದ ಬರುವ ಮಕ್ಕಳು ಅದರದ್ದೇ ಒಂದು ಜೀನನ್ನು ತಮ್ಮ ಲ್ಯಾಬಿನಲ್ಲಿ ನೋಡಲಿ ಅನ್ನುವುದು ನನ್ನ ಆಸೆ.

ಯಾವ ಪ್ರಾಣಿಯಿಂದ ರಕ್ತ ತೆಗೆಯಬೇಕು ಅನ್ನುವುದು ಮುಖ್ಯ. ಪಾಲಕ್ಕಾಡ್ ಕಣಿವೆಯ ಉತ್ತರದ ಸಿಂಗಳೀಕಕ್ಕೂ ದಕ್ಷಿಣದ್ದಕ್ಕೂ ಡಿಎನ್‌ಎಯಲ್ಲಿ ವ್ಯತ್ಯಾಸ ಇದೆ. ಹಾಗಾಗಿ ನಮ್ಮ ಶಿರಸಿ-ಹೊನ್ನಾವರ ಕಡೆಯ ಕಾಡಿನ ಮೂಲದ್ದು ಅಂತ ದಾಖಲೆ ಇರುವ ಪ್ರಾಣಿಯೇ ಆಗಬೇಕು. ಗಂಡಾದರೆ ಇನ್ನೂ ಒಳ್ಳೆಯದು, ವೈ ಕ್ರೋಮೋಸೋಮೂ ಸಿಗುತ್ತದೆ. ಮೃಗಾಲಯದಲ್ಲಿ ಅಂಥದ್ದು ಇಲ್ಲದಿದ್ದರೆ ಕಾಯೋಣ. ಇದಕ್ಕಾಗಿ ಕಾಡಿನ ಮಂಗಕ್ಕೆ ಬಲೆ ಹಾಕುವುದು ಖಂಡಿತ ಬೇಡ.

ನನಗೆ ಭಯ ಇರುವುದು ಹಂಚುವ ವಿಷಯದಲ್ಲಿ. ಲೈಬ್ರರಿ ಒಂದು ಸಂಸ್ಥೆಯ ಫ್ರೀಜರು ಸೇರಿ, ಬೀಗದ ಕೈ ಒಬ್ಬರ ಜೇಬು ಸೇರಿದರೆ ಕಥೆ ಮುಗಿಯಿತು. ಕ್ಲೋನ್ ಕೊಡುವುದು ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೊಟ್ಟ ಹಾಗೆ, ಕೊಟ್ಟವರಿಗೇನೂ ಕಡಿಮೆಯಾಗುವುದಿಲ್ಲ. ಪ್ಲೇಟು ಮತ್ತು ಪಾರ್ಸೆಲ್ ಖರ್ಚಿಗಿಂತ ಹೆಚ್ಚು ಹಣ ಕೇಳಬಾರದು. ಕೊಟ್ಟವರ ಹೆಸರನ್ನು ಪ್ರಬಂಧದಲ್ಲಿ ಹಾಕಲೇಬೇಕು ಅನ್ನುವ ಷರತ್ತೂ ಇರಬಾರದು. ಇಡೀ ಲೈಬ್ರರಿಯ ಒಂದು ಪ್ರತಿ ಬೆಂಗಳೂರಿನಲ್ಲಿರಲಿ, ಇನ್ನೊಂದು ಹೈದರಾಬಾದಿನ ವನ್ಯಜೀವಿ ಸಂಶೋಧನಾ ಪ್ರಯೋಗಾಲಯ ಲಾಕೋನ್ಸ್‌ನಲ್ಲಿರಲಿ. ಕರೆಂಟು ಹೋಗಿ ಜನರೇಟರೂ ಕೈಕೊಟ್ಟು, ಯಾರೂ ಗಮನಿಸದೆ ಬಹಳ ಹೊತ್ತು ಕಳೆದರೆ ಒಂದೇ ಕಡೆ ಇಟ್ಟದ್ದೆಲ್ಲ ಹಾಳಾಗಬಹುದು. ವಿದೇಶಕ್ಕೆ ಕಳಿಸುವಾಗ 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರವೇ ನಡೆಯಲಿ. ಅದರ ನೆಪದಲ್ಲಿ ಧಾರವಾಡಕ್ಕೋ ಮಂಗಳೂರಿಗೋ ಕೊಡುವುದು ತಡವಾಗಬಾರದು, ಅಲ್ವಾ?

ಫ್ರೀಜರಿನಲ್ಲಿ ಡಿಎನ್‌ಎ ಇದೆ ಅಂತ ಅಘನಾಶಿನಿ, ಶರಾವತಿ ಕಣಿವೆಗಳ ಒಂದು ಮರ ಕಡಿಯಲೂ ಈ ಪತ್ರವನ್ನು ಯಾರೂ ಕಾರಣ ಮಾಡಿಕೊಳ್ಳಬಾರದು. ಆ ಕಾಡು ಇದ್ದರಷ್ಟೇ ಸಿಂಗಳೀಕ.

ಕೇಂದ್ರದ ಒಪ್ಪಿಗೆಗೆ ನಿಮ್ಮ ಇಲಾಖೆಯಿಂದಲೇ ಪತ್ರ ಹೋಗಬೇಕು. ಒಂದೇ ಬಿನ್ನಹ: ಹಂಚುವ ನಿಯಮವನ್ನು ಮೊದಲು ಬರೆಸಿ, ಕನ್ನಡದಲ್ಲೂ ಪ್ರಕಟಿಸಿ. ರಕ್ತ ತೆಗೆಯುವುದು ಆಮೇಲೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಉತ್ತರ ಕನ್ನಡದ ಒಬ್ಬ ಜೀವಶಾಸ್ತ್ರ ಮೇಷ್ಟ್ರು