ಘಾಟಿಯಲ್ಲಿ ಗಾಡಿ ನಿಂತರೆ ಅಂತ ಕೇಳಿದ್ದೆಯಲ್ಲ, ಅದಕ್ಕೆ

ಪ್ರೀತಿಯ ಪುಟ್ಟಿ,

ನಿನ್ನ ಉದ್ದದ ಮೆಸೇಜು ಓದಿದೆ. ಫೋಕ್ಸ್‌ವ್ಯಾಗನ್ ಪೋಲೋ, ಟೊಯೋಟಾ ಗ್ಲಾಂಜಾ, ಎರಡೂ ಕಾರಿನ ಬೆಲೆ, ಮೈಲೇಜು, ಇಎಂಐ ಎಲ್ಲ ಲೆಕ್ಕ ಹಾಕಿ ಕಳಿಸಿದ್ದೀಯ. ನಿನ್ನ ದೊಡ್ಡಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹುಡುಕಿಕೊಂಡು ಬಂದು ಪೂರ್ತಿ ಓದಿ, "ಗ್ಲಾಂಜಾ" ಅಂತ ಒಂದೇ ಮಾತು ಹೇಳಿ ಎದ್ದು ಹೋದರು. ಅವರ ಪಾಲಿಗೆ ವಿಷಯ ಮುಗಿಯಿತು. ನನಗೆ ಮುಗಿಯಲಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಪೋಲೋ ತಗೊಂಡು, ರಾತ್ರಿ ಶಿರಾಡಿ ಘಾಟಿಯಲ್ಲಿ ಒಬ್ಬಳೇ ಇದ್ದಾಗ ಅದು ನಿಂತುಹೋದರೆ ಏನು ಮಾಡಲಿ ದೊಡ್ಡಮ್ಮ" ಅಂತ, ಅದನ್ನು ಓದಿದ ಮೇಲೆ ಬೇರೆ ಯಾವುದೂ ತಲೆಗೆ ಇಳಿಯಲಿಲ್ಲ. ಫೋನ್ ಮಾಡೋಣ ಅಂದುಕೊಂಡೆ. ಫೋನಲ್ಲಿ ನೀನು "ಅಯ್ಯೋ ಸುಮ್ನೆ ಬರೆದೆ, ತಲೆ ಕೆಡಿಸ್ಕೋಬೇಡಿ" ಅಂತೀಯ, ನಾನೂ ಸರಿ ಅಂದುಬಿಡ್ತೀನಿ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಯಾವುದು ಇಷ್ಟ, ನಿಮ್ಮಪ್ಪ ಯಾವುದು ತಗೋ ಅಂತಾರೆ, ಅದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿರೋದೇ. ಬಿಡು.

ಆ ಒಂದು ಸಾಲಿನಲ್ಲಿ ಗಾಡಿಯ ಭಯ ಎಷ್ಟು, ರಾತ್ರಿಯ ಭಯ ಎಷ್ಟು, ಒಬ್ಬಳೇ ಅನ್ನೋದರ ಭಯ ಎಷ್ಟು ಅಂತ ಬಿಡಿಸಿ ನೋಡೋಕೆ ಹೋದೆ. ಆಗಲಿಲ್ಲ. ನನ್ನ ಕಾಲದಲ್ಲೂ ನನಗೆ ಅದನ್ನು ಬಿಡಿಸೋಕೆ ಆಗಿರಲಿಲ್ಲ. ನೀನು ಕೇಳಿರೋದು ಕಾರಿನ ಬಗ್ಗೆ, ಆದ್ದರಿಂದ ಮೊದಲು ಕಾರಿನ ಮಾತೇ ಆಡ್ತೀನಿ. ನನಗೆ ತಿಳಿದಿರೋದು ಕಡಿಮೆ, ನಮ್ಮ ಗ್ಯಾರೇಜಿನವನನ್ನು ಕೇಳಿಕೊಂಡು ಬಂದು ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡ.

ನೀನು ನೋಡಿಟ್ಟಿರೋದು 2017ರ ಪೋಲೋ ಜಿಟಿ ಟಿಎಸ್‌ಐ ಅಲ್ವಾ. ಆ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಜಿಟಿ ಆಟೋಮ್ಯಾಟಿಕ್‌ನಲ್ಲೇ ಬರುತ್ತಿದ್ದದ್ದಂತೆ, ಡಿಎಸ್‌ಜಿ ಅನ್ನೋ 7 ಗೇರಿನ ಗೇರ್‌ಬಾಕ್ಸ್. ಅದರೊಳಗೆ ಎರಡು ಕ್ಲಚ್ಚು, ಎರಡೂ ಡ್ರೈ, ಅಂದರೆ ತಣ್ಣಗಿಡೋಕೆ ಸುತ್ತ ಆಯಿಲ್ ಇರೋದಿಲ್ಲ. ಖಾಲಿ ರಸ್ತೆಯಲ್ಲಿ ಅದರಂಥ ಗೇರ್‌ಬಾಕ್ಸ್ ಇಲ್ಲ ಅಂತ ಅವನೇ ಹೇಳಿದ. ಆದರೆ ನೀನು ದಿನಾ ಹೋಗೋದು ಮಾರತಹಳ್ಳಿ ಕಡೆ. ಅಲ್ಲಿ ಗಾಡಿ ಇರುವೆ ಸಾಲಿನ ಹಾಗೆ ತೆವಳುತ್ತೆ, ಕ್ಲಚ್ಚು ಪೂರ್ತಿ ಹಿಡಿಯೋದೂ ಇಲ್ಲ, ಪೂರ್ತಿ ಬಿಡೋದೂ ಇಲ್ಲ, ಉಜ್ಜಿ ಉಜ್ಜಿ ಬಿಸಿಯಾಗುತ್ತೆ. ಗೇರು, ಕ್ಲಚ್ಚು ತಾನೇ ಹಾಕಿ ತೆಗೆಯೋ ಮೆಕಾಟ್ರಾನಿಕ್ಸ್ ಅಂತ ಒಂದು ಭಾಗ ಇದೆಯಂತೆ, ಅದು ಕೆಟ್ಟರೆ ಬಿಲ್ಲು ನೋಡಿ ನಿದ್ದೆ ಬರಲ್ಲವಂತೆ. ಹಾಗಂತ ಎಲ್ಲ ಗಾಡಿಯೂ ಕೆಡುತ್ತೆ ಅಂತಲ್ಲ. ಆದರೆ ಏಳೆಂಟು ವರ್ಷ ಬೆಂಗಳೂರಿನಲ್ಲಿ ಓಡಿದ ಗಾಡಿ, ಅದನ್ನು ಯಾರು ಹೇಗೆ ಓಡಿಸಿದರೋ.

ಪೋಲೋನೇ ಬೇಕು ಅಂದರೆ 2020ರ ನಂತರದ್ದು ಹುಡುಕು. ಅದರಲ್ಲಿ 1.0 ಟಿಎಸ್‌ಐ ಎಂಜಿನ್, 6 ಗೇರಿನ ಮ್ಯಾನ್ಯುಯಲ್ ಸಿಗುತ್ತೆ. 2022ಕ್ಕೆ ಪೋಲೋ ಇಲ್ಲಿ ನಿಂತೇ ಹೋಯಿತು, ಆದರೆ 1.0 ಟಿಎಸ್‌ಐ ಎಂಜಿನ್ ಅದೇ ಕಂಪನಿಯ ವರ್ಟಸ್ ಕಾರಿನಲ್ಲೂ ಇರೋದರಿಂದ ಎಂಜಿನ್ ಸಾಮಾನಿಗೆ ಸದ್ಯಕ್ಕೆ ಪರದಾಡಬೇಕಿಲ್ಲ ಅಂದ. ನಿನಗೂ ಗೇರ್ ಹಾಕಿ ಓಡಿಸೋದೇ ತಾನೇ ಖುಷಿ? ಹಾಗಿದ್ದ ಮೇಲೆ ಆ ಆಟೋಮ್ಯಾಟಿಕ್ ಜಿಟಿಯ ಮೇಲೆ ಯಾಕೆ ಕಣ್ಣು ಹಾಕಿದ್ದೀಯೋ ನನಗಂತೂ ಅರ್ಥ ಆಗಲಿಲ್ಲ. ಬ್ಯಾಡ್ಜಿಗಾ?

ಗ್ಲಾಂಜಾ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಒಳಗಿರೋದು ಬಲೆನೋ, ಮಾರುತಿಯವರೇ ಮಾಡಿ ಕೊಡೋದು, ಮುಂದೆ ಟೊಯೋಟಾ ಗುರುತು. ಮಾರುತಿ ಎಂಜಿನ್ ಬಿಚ್ಚಿ ಜೋಡಿಸೋಕೆ ಬರದ ಮೆಕ್ಯಾನಿಕ್ ಹಾಸನದಿಂದ ಉಪ್ಪಿನಂಗಡಿಯವರೆಗೆ ಎಲ್ಲೂ ಸಿಗಲಿಕ್ಕಿಲ್ಲ. ಅದು ದೊಡ್ಡ ಧೈರ್ಯ, ಅಲ್ಲ ಅನ್ನಲ್ಲ.

ಕಾರಿನ ಮಾತು ಇಷ್ಟೇ. ಈಗ ನಿನ್ನ ಆ ಸಾಲಿಗೆ ಬರ್ತೀನಿ.

ನಮ್ಮ ಮಾರುತಿ 800 ನಿನಗೆ ನೆನಪಿರಬೇಕು, ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂರುತ್ತಿದ್ದೆ. 1983ರಲ್ಲಿ ಇಂದಿರಾ ಗಾಂಧಿ ಮೊದಲ ಗಾಡಿಯ ಕೀಲಿ ಕೊಟ್ಟರಲ್ಲ, ಆ ಫೋಟೋ ಪೇಪರಿನಲ್ಲಿ ನೋಡಿ ನಮಗೂ ಒಂದು ದಿನ ಅಂತ ಅಂದುಕೊಂಡವಳು ನಾನು. ನಮ್ಮ ಮನೆಗೆ ಅದು ಬರೋ ಹೊತ್ತಿಗೆ ಎಷ್ಟೋ ವರ್ಷ ಆಗಿತ್ತು. 796 ಸಿಸಿ, ಮೂರೇ ಸಿಲಿಂಡರ್. ದೋಣಿಗಾಲ್ ಹತ್ತಿರದ ಏರಿನಲ್ಲಿ ಎರಡನೇ ಗೇರಿನಲ್ಲಿ ಗೊಣಗುತ್ತಾ ಹತ್ತುತ್ತಿತ್ತು. ಆದರೆ ಒಂದು ಮಾತು ಸತ್ಯ. ಅದು ನನ್ನನ್ನು ದಾರಿಯಲ್ಲಿ ನಿಲ್ಲಿಸಲಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿದ್ದರೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು.

ಅಂಥ ಗಾಡಿ ಇದ್ದೂ ನಾನು ಹೇಗೆ ಓಡಿಸಿದೆ ಗೊತ್ತಾ? ಗಡಿಯಾರ ನೋಡಿಕೊಂಡು. ಮಂಗಳೂರಿಗೆ ಹೋದರೆ ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ, ಘಾಟಿಯ ಬುಡದ ಗುಂಡ್ಯ ದಾಟುವಾಗ ಬೆಳಕಿರಬೇಕು ಅಂತ. ಮದುವೆಮನೆಯಲ್ಲಿ ಎಲ್ಲರೂ ಆರತಕ್ಷತೆಗೆ ಸೀರೆ ಬದಲಾಯಿಸುತ್ತಿದ್ದರೆ ನಾನು ಕೀಲಿ ಹುಡುಕುತ್ತಿದ್ದೆ. ಕುಂದಾಪುರದ ನನ್ನ ಗೆಳತಿ ಎಷ್ಟು ಸಲ ಕರೆದಳೋ, ಒಂದು ಸಲವೂ ಹೋಗಲಿಲ್ಲ, ಯಾಕೆಂದರೆ ಎಷ್ಟು ಕೂಡಿ ಕಳೆದರೂ ವಾಪಸು ಬರುವಾಗ ಕತ್ತಲಾಗುತ್ತಿತ್ತು. ಉಳಿದುಕೊಳ್ಳಬಹುದಿತ್ತಲ್ಲ ಅಂತ ನೀನು ಕೇಳಬಹುದು. ಉಳಿದುಕೊಳ್ಳೋಕೆ ಯಾರನ್ನೋ ಕೇಳಬೇಕಿತ್ತು ಆಗ, ಅದೂ ನಿನಗೆ ಗೊತ್ತಿರೋದೇ.

ಘಾಟಿಯಲ್ಲಿ ನಾನು ನಿಂತದ್ದು ಒಂದೇ ಸಲ, ಅದು 800ರಲ್ಲಲ್ಲ, ಅದಕ್ಕೂ ಮುಂಚಿನ ಹಳೇ ಗಾಡಿಯಲ್ಲಿ. ಸ್ಟೀರಿಂಗ್ ಪಕ್ಕದಲ್ಲೇ ಗೇರು ಇತ್ತಲ್ಲ, ಅದೇ. ಕೆಂಪುಹೊಳೆ ದಾಟಿದ ಮೇಲೆ ಎಂಜಿನ್ ಕಾದು, ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ, ಪಂಪಿಗೆ ಪೆಟ್ರೋಲ್ ಎಳೆಯೋಕೆ ಆಗದೆ ನಿಂತುಬಿಟ್ಟಿತು. ಆಗಿನ ಗಾಡಿಗಳಿಗೆ ಅದು ಮಾಮೂಲಿ ಕಾಯಿಲೆ. ಒಬ್ಬ ಲಾರಿ ಡ್ರೈವರು ಇಳಿದು ಬಂದು, ಬಟ್ಟೆ ಒದ್ದೆ ಮಾಡಿ ಪಂಪಿನ ಮೇಲೆ ಸುತ್ತಿ, "ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಮ್ಮಾ" ಅಂದು ತಾನು ಒಂದು ಬೀಡಿ ಸೇದಿದ. ಗಾಡಿ ಸ್ಟಾರ್ಟ್ ಆಯಿತು. ಅಷ್ಟೇ ಕತೆ. ಅದರಲ್ಲಿ ಹೆದರೋಕೆ ಏನೂ ಇರಲಿಲ್ಲ. ಆದರೂ ಆಮೇಲಿನ ಎಲ್ಲಾ ವರ್ಷ ನಾನು ಹೆದರಿದ್ದು ಅದೇ ತಿರುವಿಗೆ, ಅದೂ ಎಂದೂ ಕೈಕೊಡದ ಗಾಡಿಯಲ್ಲಿ ಕೂತು.

ಅದಕ್ಕೇ ನಿನ್ನ ಸಾಲು ನನ್ನನ್ನು ಅಷ್ಟು ಕಾಡಿತು. ನೀನು ಅಂದುಕೊಂಡಿದ್ದೀಯ, ಪೋಲೋ ಬಿಟ್ಟು ಗ್ಲಾಂಜಾ ತಗೊಂಡರೆ ಈ ಭಯ ಹೋಗುತ್ತೆ ಅಂತ. ಹೋಗುತ್ತಾ? ನನ್ನದು ಹೋಗಲಿಲ್ಲ. ನಂಬಿಕೆಯ ಗಾಡಿ ಇದ್ದದ್ದರಿಂದ ನನಗೆ ಕೆಟ್ಟುನಿಲ್ಲೋ ತಾಪತ್ರಯ ತಪ್ಪಿತು, ಕೆಟ್ಟುನಿಂತೀತು ಅನ್ನೋದು ತಪ್ಪಲಿಲ್ಲ.

ಅಜ್ಜಿಯ ಕೊನೆಯ ರಾತ್ರಿಯ ವಿಷಯ ನಿಮ್ಮಮ್ಮ ಹೇಳಿರುತ್ತಾಳೆ, ಮತ್ತೆ ಬರೆಯೋಕೆ ಇಷ್ಟ ಇಲ್ಲ. ನಿನ್ನ ದೊಡ್ಡಪ್ಪ ಊರಲ್ಲಿ ಇರಲಿಲ್ಲ. ಪುತ್ತೂರಿನಿಂದ ಫೋನ್ ಬಂದಾಗ ಹತ್ತು ಗಂಟೆ ಆಗಿರಲಿಲ್ಲ. ಟ್ಯಾಂಕ್ ತುಂಬಿತ್ತು, ಬ್ಯಾಟರಿ ಹೊಸದು. ನಾನು ಬೆಳಗಾಗಲಿ ಅಂತ ಕಾದೆ. ಗಾಡಿಯದ್ದು ಏನೂ ತಪ್ಪಿರಲಿಲ್ಲ ಪುಟ್ಟಿ.

ಇದನ್ನು ನಿನಗೆ ಭಾರ ಹೊರಿಸೋಕೆ ಹೇಳಲಿಲ್ಲ. ನೀನು ನನ್ನ ಹಾಗಲ್ಲ, ರಾತ್ರಿ ಕೆಲಸ ಮುಗಿಸಿ ಒಬ್ಬಳೇ ವೈಟ್‌ಫೀಲ್ಡಿನಿಂದ ಮನೆಗೆ ಹೋಗೋಳು. ಅಂಥವಳೂ ಅದೇ ಸಾಲು ಬರೆದಳಲ್ಲ ಅಂತ ಅನ್ನಿಸಿತು.

ಹೋದ ದಸರಾಕ್ಕೆ ನಿನ್ನ ಗೆಳತಿಯ ಪೋಲೋ ತಂದಿದ್ದಾಗ, ದೋಣಿಗಾಲ್‌ವರೆಗೆ ನನಗೂ ಓಡಿಸೋಕೆ ಕೊಟ್ಟೆಯಲ್ಲ. ನಾನು "ಚೆನ್ನಾಗಿದೆ" ಅಂತ ಅಷ್ಟೇ ಹೇಳಿದ್ದೆ. ದೊಡ್ಡಪ್ಪ ಪಕ್ಕದಲ್ಲಿದ್ದರು. ನಿಜ ಹೇಳಬೇಕಂದರೆ ಎಷ್ಟೋ ವರ್ಷದ ಮೇಲೆ ನಾನು ರಸ್ತೆಯನ್ನು ರಸ್ತೆ ಅಂತ ನೋಡಿದ್ದು ಅವತ್ತು. ತಿರುವಿಗೆ ಎಷ್ಟು ತಿರುಗಿಸಿದೆನೋ ಅಷ್ಟೇ ತಿರುಗುತ್ತೆ, ಕಬ್ಬಿನ ಲೋಡು ಹೊತ್ತ ಲಾರಿ ಮುಂದಿತ್ತು, ಮೂರನೇ ಗೇರಿನಲ್ಲಿ ಸುಮ್ನೆ ಒತ್ತಿದೆ, ದಾಟಿಬಿಟ್ಟಿತು. ಎಂಜಿನ್ನಿನ ಎಳೆತ ಪೋಲೋದ್ದು 175 ನ್ಯೂಟನ್ ಮೀಟರ್, ಗ್ಲಾಂಜಾದ್ದು 113 ಅಂತ ನೀನು ಬರೆದಿರೋ ಅಂಕಿ ನನಗೆ ಅರ್ಥ ಆಗಲ್ಲ, ಆ ಲಾರಿ ದಾಟಿದ್ದು ಅರ್ಥ ಆಯಿತು. ಏರಿನಲ್ಲಿ ಎದುರು ಬದಿಯಲ್ಲಿ ಇರೋ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದೇ ಅಲ್ವಾ, ಅದನ್ನು ಬರೀ ಶೋಕಿ ಅನ್ನೋಕೆ ಬರಲ್ಲ. ಹಾಗೆ ದಾಟಬಹುದು ಅಂತ ಗೊತ್ತಾದ ಮೇಲೆ ದಾಟಬಾರದ ಕಡೆಯೂ ದಾಟೋ ಹುಚ್ಚು ಹತ್ತುತ್ತೆ, ಅದೂ ನನಗೆ ಅವತ್ತೇ ಗೊತ್ತಾಯಿತು.

ಸರಿ, ನಿಂತೇ ಹೋಯಿತು ಅಂತ ಇಟ್ಟುಕೋ. ರಾತ್ರಿ, ಶಿರಾಡಿ, ಒಬ್ಬಳೇ. ಶಿರಾಡಿ ರಾತ್ರಿ ಖಾಲಿ ಇರೋದಿಲ್ಲ. ಬೆಂಗಳೂರು–ಮಂಗಳೂರು ರಾತ್ರಿ ಬಸ್ಸುಗಳೆಲ್ಲ ಅಲ್ಲೇ, ಗ್ಯಾಸ್ ಸಾಗಿಸೋ ಬುಲೆಟ್ ಟ್ಯಾಂಕರುಗಳ ಸಾಲು ಬೇರೆ. ಬಿಸಿಲೆಯಂಥ ಕಾಡು ದಾರಿಗೆ ರಾತ್ರಿ ಇಳಿಯಬೇಡ, ಯಾವ ಕಾರಿದ್ದರೂ ಬೇಡ, ಆನೆ ಇದೆ. ಶಿರಾಡಿಯಲ್ಲಿ ಜನಕ್ಕಿಂತ ಹಿಂದಿನಿಂದ ಬಂದು ಗುದ್ದೋ ಗಾಡಿಗೆ ಹೆದರಬೇಕು. ತಿರುವಿನ ಮೇಲೆ ನಿಲ್ಲಿಸಬೇಡ, ಉರುಳೋದಾದರೆ ನೇರ ಜಾಗಕ್ಕೆ ಉರುಳಿಸು, ಲೈಟು ಮಿಣುಕಿಸು, ಡಿಕ್ಕಿಯಲ್ಲಿರೋ ಕೆಂಪು ತ್ರಿಕೋನ ಸಾಕಷ್ಟು ಹಿಂದೆ ಇಡು. ಹೆದ್ದಾರಿಯವರ ನಂಬರು 1033, ಪೊಲೀಸಿಗೆ 112. ಸಿಗ್ನಲ್ ಬಂದು ಹೋಗಿ ಮಾಡುತ್ತೆ, ಸಿಗದಿದ್ದರೆ ಬಸ್ಸಿಗೆ ಕೈ ಮಾಡು. ಇದೆಲ್ಲ ನಿನಗೆ ಗೊತ್ತಿರುತ್ತೆ. ಗೊತ್ತಿದ್ದರೂ ಬರೆಯುತ್ತಿದ್ದೇನೆ, ನನಗೆ ಸಮಾಧಾನ ಆಗೋಕೆ.

ಗಾಡಿ ನಿಲ್ಲೋದು ಬಹಳ ಸಲ ಕಂಪನಿ ಹೆಸರಿನಿಂದಲ್ಲ ಅಂತ ಗ್ಯಾರೇಜಿನವನು ಹೇಳಿದ. ಬ್ಯಾಟರಿ ಹಳತಾಗಿರುತ್ತೆ, ಕೂಲೆಂಟ್ ಕಡಿಮೆಯಾಗಿರೋದು ಯಾರೂ ನೋಡಿರಲ್ಲ, ಟೈರು ಸವೆದಿರುತ್ತೆ. ಟೈರಿನ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಅದನ್ನು ಮೊದಲು ನೋಡು, ಸ್ಟೆಪ್ನಿಯದ್ದೂ ನೋಡು. ಇನ್ಶೂರೆನ್ಸ್ ಮಾಡಿಸುವಾಗ ದಾರಿಯಲ್ಲಿ ಬಂದು ನೋಡೋ ಸೌಲಭ್ಯ ಸೇರಿಸು, ಎಳೆದುಕೊಂಡು ಹೋಗೋದು ಎಷ್ಟು ದೂರದವರೆಗೆ ಅಂತ ಕೇಳು. ಇಳಿಯುವಾಗ ಗೇರಿನಲ್ಲೇ ಇಳಿ. ಇದು ಉಪದೇಶ ಅನ್ನಿಸಿದರೆ ಕ್ಷಮಿಸು, ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸೋರನ್ನು ತುಂಬಾ ನೋಡಿದ್ದೇನೆ.

ಯಾವುದು ತಗೋ ಅಂತ ನನ್ನ ಬಾಯಿಂದ ಬರಬೇಕು ಅಂತ ಕಾಯಬೇಡ. ಆದರೂ ಕೇಳಿದರೆ, ಆ 2017ರ ಜಿಟಿ ಬೇಡ. 1.0 ಮ್ಯಾನ್ಯುಯಲ್, ಕಾಗದಪತ್ರ ಸರಿ ಇರೋದು, ಒಬ್ಬರೇ ಓಡಿಸಿದ್ದು ಸಿಕ್ಕರೆ ಪೋಲೋ ತಗೋ, ದೊಡ್ಡಪ್ಪನಿಗೆ ನಾನು ಹೇಳ್ತೀನಿ. ಸಿಗಲಿಲ್ಲ ಅಂದರೆ ಗ್ಲಾಂಜಾ ತಗೋ, ಅದೇನು ಶಿಕ್ಷೆ ಅಲ್ಲ. ಯಾವುದೇ ತಗೊಂಡರೂ ಮೊದಲ ರಾತ್ರಿ ಪ್ರಯಾಣ ಒಬ್ಬಳೇ ಬೇಡ. ನಾನು ಬೆಂಗಳೂರಿಗೆ ಬಸ್ಸಿನಲ್ಲಿ ಬರ್ತೀನಿ, ಇಬ್ಬರೂ ಕತ್ತಲಾದ ಮೇಲೇ ಹೊರಡೋಣ, ನೆಲಮಂಗಲ ಬಿಟ್ಟು ಸೀದಾ ಪುತ್ತೂರಿಗೆ. ಘಾಟಿಯಲ್ಲಿ ನೀನು ಓಡಿಸು. ಹಾಸನದವರೆಗೆ ನನಗೆ ಕೊಡು.

ಗಾಡಿ ನೋಡೋಕೆ ಹೋದಾಗ ಸರ್ವಿಸ್ ಬುಕ್ಕಿನ ಎಲ್ಲಾ ಪುಟದ ಫೋಟೋ ಕಳಿಸು, ಗ್ಯಾರೇಜಿನವನಿಗೆ ತೋರಿಸ್ತೀನಿ. ಮತ್ತೆ ಪೋಲೋದ ಹಿಂದಿನ ಸೀಟು ಇಕ್ಕಟ್ಟು, ನಿಮ್ಮಮ್ಮನನ್ನು ಒಮ್ಮೆ ಕೂರಿಸಿ ನೋಡು, ಅವಳ ಮಂಡಿ ಮಡಿಸೋಕೆ ಆಗುತ್ತಾ ಅಂತ.

ನಿನ್ನ
ದೊಡ್ಡಮ್ಮ