ಹಲಗೆ ಒಣಗಲಿ, ಆಮೇಲೆ ಉಳಿ ಹಿಡಿಯಿರಿ

ಮಾನ್ಯ ಸಂಪಾದಕರೇ,

ಎರಡು ವಾರಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ, ಮನೆಯಲ್ಲೇ ಮರಗೆಲಸ ಕಲಿಯುವವರಿಗಾಗಿ ಬಂದ ಲೇಖನವನ್ನು ಎರಡು ಸಲ ಓದಿದೆ. ಯಾವ ಯಂತ್ರ ಕೊಳ್ಳಬೇಕು, ಯಾವ ಅಂಟು ಒಳ್ಳೆಯದು ಎಂಬುದೆಲ್ಲ ವಿವರವಾಗಿ ಇತ್ತು. ಮರದ ವಿಷಯಕ್ಕೆ ಬಂದಾಗ ಮಾತ್ರ, ಚೆನ್ನಾಗಿ ಒಣಗಿದ್ದನ್ನು ಬಳಸಿ ಎಂಬ ಒಂದೇ ಸಾಲು. ಬಯಲುಸೀಮೆಯ ಓದುಗರಿಗೆ ಅಷ್ಟು ಸಾಕಾಗಬಹುದು. ಕೊಡಗಿನಲ್ಲಿ ಸಾಲದು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುತ್ತವೆ. ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ಅಂಥ ಊರಿನಲ್ಲಿ ಮರ ಒಣಗಿಸುವುದೇ ಮುಕ್ಕಾಲು ಕೆಲಸ. ಆರು ವರ್ಷ ಕೈ ಸುಟ್ಟುಕೊಂಡು ಕಲಿತದ್ದನ್ನು ನಿಮ್ಮ ಓದುಗರಿಗೆ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಶಾಲೆಯಿಂದ ನಿವೃತ್ತಳಾದ ವರ್ಷ ನಮ್ಮ ಮೂರು ಎಕರೆ ಕಾಫಿ ತೋಟದಲ್ಲಿ ಎರಡು ಸಿಲ್ವರ್ ಓಕ್ ಮರ ಕಡಿಸಿದೆವು. ಫೆಬ್ರುವರಿಯಲ್ಲಿ ಕಡಿದದ್ದು. ಮಾರ್ಚ್‌ನಲ್ಲಿ ಮಿಲ್ಲಿನಲ್ಲಿ ಒಂದಿಂಚಿನ ಹಲಗೆಗಳಾಗಿ ಕೊಯ್ಯಿಸಿ, ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗೆ ಹರಡಿದೆ. ಕಾಫಿ ಒಣಗುವ ಜಾಗದಲ್ಲಿ ಹಲಗೆ ಒಣಗದೆ ಇರುತ್ತದೆಯೇ ಎಂಬುದು ನನ್ನ ಲೆಕ್ಕ. ವಾರದೊಳಗೆ ಅರ್ಧ ಹಲಗೆಗಳು ದೋಣಿಯಂತೆ ಬಾಗಿದವು, ತುದಿಗಳು ಗೇಣುದ್ದ ಸೀಳಿದವು. ಉಳಿದವುಗಳಲ್ಲಿ ಎರಡಡಿ ಅಗಲದ ಮೇಜು ಮಾಡಿದೆ. ಕೆಳಗೆ ಅಡ್ಡಪಟ್ಟಿ ಕೊಟ್ಟು ಉದ್ದಕ್ಕೂ ಸ್ಕ್ರೂ ಬಿಗಿದೆ. ಮಳೆಗಾಲವಿಡೀ ಮೇಜು ಗಟ್ಟಿಯಾಗಿತ್ತು. ಮುಂದಿನ ಜನವರಿಯಲ್ಲಿ ಒಂದು ರಾತ್ರಿ ಪಟಾಕಿ ಸಿಡಿದಂತೆ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಮೇಜಿನ ನಡುವೆ ಕಾಲು ಇಂಚಿನ ಬಿರುಕು.

ನಮ್ಮ ಮನೆಯ ಮಾಡಿನ ಕೆಲಸಕ್ಕೆ ಬರುತ್ತಿದ್ದ ಹಿರಿಯ ಆಚಾರರೊಬ್ಬರು ಮೇಜನ್ನು ಬೋರಲು ಹಾಕಿ ನೋಡಿ ಹೇಳಿದರು: ‘ಟೀಚರೇ, ಮರ ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ. ನೀವು ಅಗಲವನ್ನೇ ಕಟ್ಟಿಹಾಕಿದ್ದೀರಿ.’ ಅಡ್ಡಪಟ್ಟಿಯಲ್ಲಿ ಸ್ಕ್ರೂವಿನ ತೂತನ್ನು ಉದ್ದುದ್ದ ಕೊರೆದು, ಹಲಗೆ ಸರಿದಾಡಲು ಜಾಗ ಬಿಡಬೇಕೆಂದು ಅವರೇ ತೋರಿಸಿಕೊಟ್ಟರು. ಆಮೇಲೆ ಮಾಡಿದ ಯಾವ ಮೇಜೂ ಸೀಳಿಲ್ಲ.

ಹಲಗೆಯನ್ನು ಒಣಗಿಸಬೇಕಾದದ್ದು ನೆರಳಿನಲ್ಲಿ, ಗಾಳಿಯಲ್ಲಿ. ಕೊಯ್ಯಿಸಿ ತಂದ ದಿನವೇ ಎರಡೂ ತುದಿಗಳಿಗೆ ಹಳೆಯ ಪೇಂಟನ್ನೋ ಕರಗಿಸಿದ ಮೇಣವನ್ನೋ ಬಳಿಯಬೇಕು. ತುದಿಗಳಿಂದ ನೀರು ಬೇಗ ಆರುವುದರಿಂದಲೇ ಸೀಳು ಅಲ್ಲಿಂದ ಶುರುವಾಗುವುದು. ಕೊಟ್ಟಿಗೆಯ ಮಾಡಿನಡಿ ಸಿಮೆಂಟ್ ಇಟ್ಟಿಗೆಗಳ ಮೇಲೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಪೇರಿಸುತ್ತೇನೆ. ಪ್ರತಿ ಎರಡು ಹಲಗೆಗಳ ನಡುವೆ ಒಂದಿಂಚು ದಪ್ಪದ ಪಟ್ಟಿಗಳು, ಎರಡೆರಡು ಅಡಿಗೆ ಒಂದರಂತೆ. ಕೆಳಗಿನ ಸಾಲಿನ ಪಟ್ಟಿಯ ನೇರಕ್ಕೇ ಮೇಲಿನದೂ ಬರಬೇಕು, ಇಲ್ಲವಾದರೆ ಭಾರ ಬಿದ್ದಲ್ಲಿ ಹಲಗೆ ಸೊಟ್ಟಗಾಗುತ್ತದೆ. ಎಲ್ಲಕ್ಕೂ ಮೇಲೆ ನಾಲ್ಕು ಸೈಜುಗಲ್ಲು. ಇರಚಲು ಬಡಿಯುವ ಕಡೆ ಟಾರ್ಪಾಲು ಇಳಿಬಿಡಿ, ಪೂರ್ತಿ ಮುಚ್ಚಬೇಡಿ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕವನ್ನು ನಮ್ಮಲ್ಲಿ ಒಂದು ಮಳೆಗಾಲ ಮತ್ತು ಅದರ ನಂತರದ ಬೇಸಿಗೆ ಎಂದು ಓದಿಕೊಳ್ಳಬೇಕು. ಮಳೆಗಾಲ ಮುಗಿದ ಕೂಡಲೇ ಕೈ ಹಾಕಬೇಡಿ.

ಒಣಗಿದೆಯೋ ಇಲ್ಲವೋ ತಿಳಿಯಲು ದುಬಾರಿ ಮೀಟರ್ ಬೇಕಿಲ್ಲ. ಹಲಗೆಯ ತುದಿಯಿಂದ ಒಂದಡಿ ಒಳಗೆ ಸಣ್ಣ ತುಂಡೊಂದನ್ನು ಕೊಯ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಕೇಕ್ ಮಾಡುವ ಓವನ್ನಿನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿಟ್ಟು, ತೂಕ ಇನ್ನು ಇಳಿಯದು ಎನ್ನುವ ತನಕ ಆಗಾಗ ತೂಗುತ್ತಿರಿ. ಮೊದಲು 240 ಗ್ರಾಂ ಇದ್ದದ್ದು 200ಕ್ಕೆ ನಿಂತಿತು ಎನ್ನೋಣ. ಹೋದ 40 ಗ್ರಾಂ ನೀರು. ಒಣ ತೂಕ 200ಕ್ಕೆ ಅದು ಶೇಕಡ 20. ಏಳನೇ ತರಗತಿಯ ಲೆಕ್ಕ ಇಷ್ಟೇ. ನನ್ನ ಕೊಟ್ಟಿಗೆಯ ಹಲಗೆ ಆಗಸ್ಟ್‌ನಲ್ಲಿ 18ರ ಸುತ್ತ ಇರುತ್ತದೆ, ಫೆಬ್ರುವರಿ ಕೊನೆಗೆ 12ಕ್ಕೆ ಇಳಿಯುತ್ತದೆ. ಮೇಜು, ಕಪಾಟು ಮಾಡುವುದನ್ನು ನಾನು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಇಟ್ಟುಕೊಂಡಿದ್ದೇನೆ. ಆದರೆ ಆಗ ಮಾಡುವ ಡ್ರಾಯರಿಗೆ ಸುತ್ತ ಸ್ವಲ್ಪ ಸಡಿಲ ಬಿಡಲೇಬೇಕು. ಬಿಗಿಯಾಗಿ ಕೂರಿಸಿದರೆ ಜುಲೈಯಲ್ಲಿ ಅದನ್ನು ತೆಗೆಯುವವರಿಲ್ಲ.

ಯಾವ ಮರ ಎಂದು ಕೇಳುವವರಿಗೆ ನನ್ನ ಉತ್ತರ ಸಿಲ್ವರ್ ಓಕ್. ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಮರ ನಮ್ಮ ತೋಟಗಳಲ್ಲೆಲ್ಲ ಇದೆ, ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿಯೂ ಬೇಕಿಲ್ಲ. ಪ್ಲೈವುಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಲೋಡುಗಟ್ಟಲೆ ಹೋಗುವ ಈ ಮರದ ಅಂದ ಎಷ್ಟೋ ಬೆಳೆಗಾರರೇ ನೋಡಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳಿ ಕೊಯ್ಯುವಂತೆ ಮಿಲ್ಲಿನವರಿಗೆ ಹೇಳಿ ನೋಡಿ. ಹತ್ತರಿ ಹೊಡೆದು ನುಣುಪು ಮಾಡಿದ ಮೇಲೆ ಹಲಗೆಯ ತುಂಬ ಜಾಲರಿಯಂಥ ಚುಕ್ಕೆಗಳು ಮೂಡುತ್ತವೆ. ಹಾಗೆ ಕೊಯ್ದ ಹಲಗೆ ಹಿಗ್ಗುವುದೂ ಕುಗ್ಗುವುದೂ ಕಡಿಮೆ. ಅದರ ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ತುಂಬು ತೋಳಿನ ಅಂಗಿ, ಮೂಗಿಗೆ ಮಾಸ್ಕ್ ಇರಲಿ. ಹುಳುವೂ ಬೇಗ ಹಿಡಿಯುತ್ತದೆ. ಹಸಿಯಾಗಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ಕರಗಿಸಿದ ನೀರನ್ನು ಬಳಿದರೆ ಒಳಗೆ ಇಳಿದು ಕಾಪಾಡುತ್ತದೆ, ಆದರೆ ಮಳೆಗೆ ತೊಳೆದುಹೋಗುವುದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ.

ಹಲಸು ಸಿಕ್ಕರೆ ಬಿಡಬೇಡಿ. ಉಳಿಗೆ ಒಲಿಯುವ ಮರ, ಚೇಗಿಗೆ, ಅಂದರೆ ಒಳಗಿನ ಬಲಿತ ಭಾಗಕ್ಕೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಹಳದಿ ಬಣ್ಣ ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ನಮ್ಮ ನೆಂಟರ ಮನೆ ಹೋಯಿತು. ಮಣ್ಣಿನಡಿಯಿಂದ ತೆಗೆದ ಹಲಸಿನ ಬಾಗಿಲೊಂದನ್ನು ಅವರು ಸೌದೆಗೆ ಹಾಕಲು ಹೊರಟಿದ್ದರು. ಕೇಳಿ ತಂದೆ. ಅದರಲ್ಲಿ ಮಾಡಿದ ಎರಡು ಮಣೆಗಳ ಮೇಲೆ ಈಗ ಅವರ ಮೊಮ್ಮಕ್ಕಳು ಕೂತು ಊಟ ಮಾಡುತ್ತಾರೆ. ಹಳೆಯ ಮರಕ್ಕೆ ಗರಗಸ ಹಾಕುವ ಮೊದಲು ಅಯಸ್ಕಾಂತ ಆಡಿಸಿ, ಮುರಿದ ಮೊಳೆಗಳು ಒಳಗಿರುತ್ತವೆ. ಮತ್ತಿ ಗಡಸು, ಹೊಸಬರ ಉಳಿ ಅದಕ್ಕೆ ನಿಲ್ಲದು. ಬೀಟೆ, ತೇಗದ ಚಿಕ್ಕ ತುಂಡನ್ನೂ ಬಿಲ್ ಇಲ್ಲದೆ ಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ ತೋಟದವರಿಗಾಗಿ. ಕಿತ್ತ ಕಾಫಿ ಗಿಡದ ಬುಡದಿಂದ ಊರುಗೋಲು, ದೀಪದ ಕಂಬ ಮಾಡುವ ಹುರುಪು ಹಲವರಲ್ಲಿದೆ. ಒಳ್ಳೆಯದೇ, ಅದು ಗಟ್ಟಿ ಮರ. ಆದರೆ ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡವನ್ನು ಕೊಟ್ಟಿಗೆಯಲ್ಲಿ ಪೇರಿಸಿಟ್ಟರೆ ಒಳಗಿನ ಹುಳು ದುಂಬಿಯಾಗಿ ಹೊರಬಂದು ಅಕ್ಕಪಕ್ಕದ ತೋಟಕ್ಕೂ ಹಾರುತ್ತದೆ. ಅಂಥವನ್ನು ಕಿತ್ತ ಕೂಡಲೇ ಸುಡಬೇಕು.

ಹತ್ಯಾರುಗಳ ವಿಷಯದಲ್ಲಿ ನಿಮ್ಮ ಲೇಖಕರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಮೊದಲ ವರ್ಷ ಅರ್ಧ ಇಂಚು ಮತ್ತು ಒಂದಿಂಚಿನ ಎರಡು ಉಳಿ, ಒಂದು ಕೈಗರಗಸ, ಒಂದು ಕಬ್ಬಿಣದ ಹತ್ತರಿ, ಮೂಲೆಮಟ್ಟ, ಕೊಡತಿ, ನಾಲ್ಕು ಕ್ಲ್ಯಾಂಪ್ ಸಾಕು. ಉಳಿದ ಹಣವನ್ನು ಒಳ್ಳೆಯ ಸಾಣೆಕಲ್ಲಿಗೆ ಹಾಕಿ. ಅಂಗಡಿಯಿಂದ ತಂದ ಹೊಸ ಉಳಿಗೆ ಬಾಯಿ ಇರುವುದಿಲ್ಲ. ಹಿಂಬದಿಯನ್ನು ಕಲ್ಲಿನ ಮೇಲೆ ಸಮತಟ್ಟು ಮಾಡಿ, ಮುಂಬದಿಯನ್ನು 25ರಿಂದ 30 ಡಿಗ್ರಿ ಓರೆಯಲ್ಲಿ ಮಸೆದು, ಮುಂಗೈಯ ಕೂದಲು ತೆಗೆಯುವಷ್ಟು ಹರಿತವಾದ ಮೇಲೆಯೇ ಮರ ಮುಟ್ಟಿ. ಮೊಂಡು ಉಳಿಯೇ ಕೈ ಕೊಯ್ಯುವುದು, ಏಕೆಂದರೆ ಅದನ್ನು ನಾವು ಬಲ ಹಾಕಿ ನೂಕುತ್ತೇವೆ. ಮಳೆಗಾಲದಲ್ಲಿ ಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ಕೆಲಸ ಮುಗಿದೊಡನೆ ಹೊಲಿಗೆ ಯಂತ್ರದ ಎಣ್ಣೆ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಯ ಪಕ್ಕದಲ್ಲಿ ನನ್ನ ಉಳಿಗಳಿಗೂ ಪೂಜೆ ಆಗುತ್ತದೆ.

ಲೋಹ, ಕಲ್ಲು ಕತ್ತರಿಸಲು ಬಳಸುವ ಆ್ಯಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಬಳಸಬಹುದು ಎಂದು ಲೇಖನದಲ್ಲಿತ್ತು. ದಯವಿಟ್ಟು ಅದನ್ನು ತಿದ್ದಿ ಇನ್ನೊಮ್ಮೆ ಪ್ರಕಟಿಸಿ. ಆ ಯಂತ್ರ ತಿರುಗುವ ವೇಗಕ್ಕೆ ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಯಂತ್ರವೇ ಹಿಂದಕ್ಕೆ ಹಾರುತ್ತದೆ. ನನ್ನ ಬಳಿ ಮೂರನೇ ತರಗತಿಯಲ್ಲಿ ಅಕ್ಷರ ತಿದ್ದಿದ ಹುಡುಗನೊಬ್ಬ ಹೀಗೆಯೇ ಬಲಗೈಯ ಎರಡು ಬೆರಳು ಕಳೆದುಕೊಂಡ. ಆಸ್ಪತ್ರೆಯಲ್ಲಿ ಅವನ ಕೈ ನೋಡಿದ್ದು ನನಗೆ ಮರೆಯುವುದಿಲ್ಲ.

ಕೊನೆಗೆ ಎರಡು ಕೋರಿಕೆ. ನಮ್ಮ ಜಿಲ್ಲೆಯ ಮಿಲ್ಲುಗಳ ಮಾಲೀಕರು ಒಣಗಿದ ಸಿಲ್ವರ್ ಓಕ್ ಹಲಗೆಗಳನ್ನು ನಾಲ್ಕೈದರ ಲೆಕ್ಕದಲ್ಲೂ ಮಾರಬೇಕು. ಆರಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ ಎಂದರೆ ಅರ್ಧ ಘನ ಅಡಿ. ಹವ್ಯಾಸಿಗೆ ಒಂದು ಸಲಕ್ಕೆ ಬೇಕಾಗುವುದು ಎರಡು ಮೂರು ಘನ ಅಡಿ ಅಷ್ಟೇ. ಲೋಡ್ ಲೆಕ್ಕದಲ್ಲೇ ಕೊಳ್ಳಿ ಎಂದರೆ ಯಾರೂ ಕಲಿಯಲಾರರು. ಹಾಗೆಯೇ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ಫೆಬ್ರುವರಿಯಲ್ಲಿ, ಕಾಫಿ ಕೊಯ್ಲು ಮುಗಿದ ಮೇಲೆ, ಒಂದು ಭಾನುವಾರ ಮರ ಗುರುತಿಸುವುದನ್ನೂ ಪೇರಿಸಿ ಒಣಗಿಸುವುದನ್ನೂ ಸಾರ್ವಜನಿಕರಿಗೆ ಹೇಳಿಕೊಟ್ಟರೆ ಬಹಳ ಉಪಕಾರವಾಗುತ್ತದೆ. ನನ್ನ ಕೊಟ್ಟಿಗೆಯಲ್ಲಿ ಈಗ ಹದಿನೆಂಟು ಹಲಗೆಗಳು ಒಣಗುತ್ತಿವೆ. ತೋರಿಸಲು ಬೇಕೆಂದರೆ ಜೀಪಿನಲ್ಲಿ ಹಾಕಿಕೊಂಡು ನಾನೇ ತರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ,
ನಾಪೋಕ್ಲು ಸಮೀಪ, ಕೊಡಗು