ಎಸ್‌ಜಿಪಿಟಿ ಒಂದನ್ನೇ ನೋಡಿ ನಿರಾಳರಾಗುವಂತಿಲ್ಲ

ಮಾನ್ಯರೇ,

ಕಳೆದ ಚಳಿಗಾಲದಲ್ಲಿ ನಮ್ಮ ಮಾವನವರ ರಕ್ತಪರೀಕ್ಷೆಯ ವರದಿ ಬಂದಾಗ ಮನೆಮಂದಿಯೆಲ್ಲ ಮೊದಲು ಹುಡುಕಿದ್ದು ಲಿವರಿನ (ಯಕೃತ್ತಿನ) ಕಿಣ್ವವಾದ ಎಸ್‌ಜಿಪಿಟಿಯನ್ನು. ಅದು 34 ಇತ್ತು. ‘ಲಿವರ್ ಚೆನ್ನಾಗಿದೆ’ ಎಂದು ಹಾಳೆಯನ್ನು ಮಡಚಿಟ್ಟೆವು. ಅದೇ ಹಾಳೆಯ ಕೆಳಭಾಗದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ 2.6ಕ್ಕೆ ಇಳಿದಿದೆಯೆಂದು ದಪ್ಪಕ್ಷರದಲ್ಲಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಸಂಜೆಯ ಹೊತ್ತಿಗೆ ಅವರ ಪಾದ ಊದಿಕೊಂಡು ಚಪ್ಪಲಿ ಪಟ್ಟಿಯ ಗುರುತು ಹಾಗೇ ಉಳಿಯುತ್ತಿತ್ತು, ವಯಸ್ಸಾಯಿತು ಎಂದುಕೊಂಡಿದ್ದೆವು. ತಿಂಗಳಾದ ಮೇಲೆ ಬೇರೊಬ್ಬ ವೈದ್ಯರು ಸ್ಕ್ಯಾನ್ ಮಾಡಿಸಿ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ) ಎಂದರು.

ಲಿವರ್ ಫಂಕ್ಷನ್ ಟೆಸ್ಟ್ ಎಂಬ ಹೆಸರೇ ಜನರ ದಾರಿ ತಪ್ಪಿಸುತ್ತಿದೆ. ಎಸ್‌ಜಿಒಟಿ, ಎಸ್‌ಜಿಪಿಟಿಗಳು ಯಕೃತ್ತಿನ ಕೋಶಗಳೊಳಗಿರುವ ಕಿಣ್ವಗಳಾಗಿದ್ದು, ಕೋಶಗಳಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಯಕೃತ್ತು ತನ್ನ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತಿದೆ ಎಂಬುದನ್ನು ಅವು ಹೇಳುವುದಿಲ್ಲ. ವರ್ಷಗಟ್ಟಲೆ ಸವೆದ ಯಕೃತ್ತಿನಲ್ಲಿ ಸೋರಲು ಕೋಶಗಳೇ ಹೆಚ್ಚು ಉಳಿದಿರುವುದಿಲ್ಲವಾದ್ದರಿಂದ ಆ ಅಂಕಿಗಳು ಸಾಮಾನ್ಯ ಮಟ್ಟದಲ್ಲೇ ಕಾಣಿಸಬಹುದು. ಕೆಲಸದ ಲೆಕ್ಕ ಸಿಗುವುದು ಯಕೃತ್ತೇ ತಯಾರಿಸುವ ಆಲ್ಬುಮಿನ್‌ನಲ್ಲಿ ಮತ್ತು ರಕ್ತ ಹೆಪ್ಪುಗಟ್ಟುವ ಅವಧಿಯನ್ನು ತಿಳಿಸುವ ಪಿಟಿ-ಐಎನ್‌ಆರ್ ಪರೀಕ್ಷೆಯಲ್ಲಿ. ಮೂತ್ರಪಿಂಡದ ತೊಂದರೆಯಿಂದಲೂ ಆಲ್ಬುಮಿನ್ ಇಳಿಯುತ್ತದೆ, ಹಾಗಾಗಿ ಅದನ್ನು ವೈದ್ಯರೇ ತೂಗಿ ನೋಡಬೇಕು. ಪಿಟಿ-ಐಎನ್‌ಆರ್ ಅನ್ನಂತೂ ಸಾಮಾನ್ಯವಾಗಿ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಭಯವೂ ಉಂಟು. ಕಾಮಾಲೆಯಲ್ಲಿ ಏರುವ ಹಳದಿ ವಸ್ತುವಾದ ಬಿಲಿರುಬಿನ್ 1.8 ಎಂದು ಕಂಡೊಡನೆ ಗಟ್ಟಿಮುಟ್ಟಾದ ಹುಡುಗರನ್ನು ಕಾಮಾಲೆಗೆ ನಾಟಿ ಔಷಧಿ ಕೊಡುವವರ ಬಳಿಗೆ ಕರೆದೊಯ್ದು, ಕೈಗೆ ಬರೆ ಹಾಕಿಸುವ ಪೋಷಕರು ಇಂದಿಗೂ ಇದ್ದಾರೆ. ಏರಿರುವುದು ಇನ್‌ಡೈರೆಕ್ಟ್ (ಯಕೃತ್ತು ಇನ್ನೂ ಸಂಸ್ಕರಿಸದ) ಬಿಲಿರುಬಿನ್ ಮಾತ್ರವಾಗಿದ್ದು, ಉಳಿದ ಪರೀಕ್ಷೆಗಳು ಸರಿಯಿದ್ದು, ರಕ್ತಕಣಗಳು ಒಡೆಯುತ್ತಿಲ್ಲವೆಂದು ಖಚಿತವಾದರೆ ಅದು ಹೆಚ್ಚಾಗಿ ಗಿಲ್ಬರ್ಟ್ ಎಂಬ ಹುಟ್ಟುಗುಣ. ಇಂಥವರಲ್ಲಿ ಉಪವಾಸದಿಂದಲೂ ಬಿಲಿರುಬಿನ್ ಏರುತ್ತದೆ; ಚಿಕಿತ್ಸೆಯೇ ಬೇಕಿಲ್ಲ. ಮೈಮುರಿದು ದುಡಿದ ಮರುದಿನ ಸ್ನಾಯುಗಳಿಂದಲೂ ಎಸ್‌ಜಿಒಟಿ ಏರಬಹುದು.

ಇಷ್ಟನ್ನಾದರೂ ಪ್ರಯೋಗಾಲಯಗಳು ವರದಿಯ ಕೊನೆಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಮುದ್ರಿಸಬೇಕು. ಆರೋಗ್ಯ ಇಲಾಖೆಯು ಸರ್ಕಾರಿ ಆಸ್ಪತ್ರೆಗಳಿಂದಲೇ ಇದನ್ನು ಆರಂಭಿಸಬೇಕೆಂದೂ, ತಮ್ಮ ಪತ್ರಿಕೆಯು ಯಕೃತ್ ತಜ್ಞರಿಂದ ಈ ಬಗ್ಗೆ ವಿವರವಾದ ಲೇಖನ ಬರೆಸಬೇಕೆಂದೂ ಕೋರುತ್ತೇನೆ.

– ಓದುಗರೊಬ್ಬರು, ತಿಪಟೂರು